ಕೇಪ್ ರೋಶೋದ 240 ಡಿಗ್ರಿ ಗೆರೆ ಕ್ಯೂಜಿಐಎಸ್‌ನಲ್ಲಿ ಎಲ್ಲೋ ಹೋಗ್ತಿದೆ, ಸಹಾಯ ಬೇಕು

ನಕ್ಷೆಹುಚ್ಚ:
ಎಲ್ಲರಿಗೂ ನಮಸ್ಕಾರ. ವಸಾಹತು ಕಾಲದಲ್ಲಿ ಎಳೆದ ಸಮುದ್ರ ಗಡಿಗಳು ಆಮೇಲೆ ಎಣ್ಣೆ ಜಗಳಕ್ಕೆ ಹೇಗೆ ತಿರುಗಿದವು ಅಂತ ಹವ್ಯಾಸಕ್ಕೆ ಮ್ಯಾಪ್ ಮಾಡುತ್ತಿದ್ದೇನೆ. ಈಗ ಪಶ್ಚಿಮ ಆಫ್ರಿಕಾದ ಸೆನೆಗಲ್ ಮತ್ತು ಗಿನಿ ಬಿಸಾವು ಹಿಡಿದುಕೊಂಡಿದ್ದೇನೆ. 1960ರಲ್ಲಿ ಫ್ರಾನ್ಸ್ ಮತ್ತು ಪೋರ್ಚುಗಲ್ ಬರೆದುಕೊಂಡ ಪತ್ರಗಳ ಪ್ರಕಾರ ಎರಡೂ ದೇಶಗಳ ಭೂಗಡಿ ಸಮುದ್ರ ಮುಟ್ಟುವ ಕೇಪ್ ರೋಶೋದ ದೀಪಸ್ತಂಭದಿಂದ 240 ಡಿಗ್ರಿಗೆ ಒಂದು ನೇರ ಗೆರೆ. ಇಷ್ಟೇ. ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರ್‌ನ ಅಡ್ವಾನ್ಸ್ಡ್ ಡಿಜಿಟೈಸಿಂಗ್ ಪ್ಯಾನೆಲ್‌ನಲ್ಲಿ ಕೋನ 240ಕ್ಕೆ ಲಾಕ್ ಮಾಡಿ ಎಳೆದೆ. ಗೆರೆ ನೈಋತ್ಯಕ್ಕೇ ಹೋಗುತ್ತಿದೆ, ಆದರೆ ಎರಡೂ ದೇಶ ಹಂಚಿಕೊಳ್ಳಲು ಒಪ್ಪಿದ 1993ರ ಜಂಟಿ ವಲಯದ ಲೇಯರ್ ಹಾಕಿ ನೋಡಿದರೆ ಅದರೊಳಗೆ ಬರುತ್ತಲೇ ಇಲ್ಲ. ಬಿಜಾಗೋಸ್ ದ್ವೀಪಗಳ ಕಡೆಗೆ ವಾಲಿಕೊಂಡು ವಲಯದ ಹೊರಗೆ ಓಡುತ್ತಿದೆ.

ಇನ್ನೊಂದು ತಲೆನೋವು. 1886ರ ಫ್ರಾನ್ಸ್-ಪೋರ್ಚುಗಲ್ ಒಪ್ಪಂದದ ಭೂಗಡಿಯನ್ನೂ ಹಾಕಿದೆ. ಪೂರ್ವದ ಗಡಿ 16 ಡಿಗ್ರಿ ಪಶ್ಚಿಮ ರೇಖಾಂಶ ಅಂತ ಅದರಲ್ಲಿದೆ. ಅದರಂತೆ ಎಳೆದರೆ ರಾಜಧಾನಿ ಬಿಸಾವು ಊರೇ ದೇಶದಿಂದ ಆಚೆ ಬೀಳುತ್ತದೆ! ಫೈಲ್ ಕೆಟ್ಟಿದೆಯಾ, ಪ್ರೊಜೆಕ್ಷನ್ ಕೆಟ್ಟಿದೆಯಾ ಗೊತ್ತಾಗುತ್ತಿಲ್ಲ.

ಕಂಪಾಸ್_ರಾಯ:
ಫೈಲ್ ಏನೂ ಕೆಟ್ಟಿಲ್ಲ. ನೀವು ಎಳೆದಿರುವುದು 240ರ ಗೆರೆ ಅಲ್ಲ, 210ರದ್ದು.

ಜಂಟಿ ವಲಯ ಅದೇ ಕೇಪ್ ರೋಶೋದಿಂದ 268 ಮತ್ತು 220 ಡಿಗ್ರಿಗಳ ನಡುವೆ ಬೀಸಣಿಗೆ ತರ ಬಿಚ್ಚಿಕೊಳ್ಳುತ್ತದೆ. 240 ಅದರ ಹೊಟ್ಟೆಯಲ್ಲೇ ಇರಬೇಕು. ನಿಮ್ಮದು ದಕ್ಷಿಣದ ಅಂಚಿನಿಂದಲೂ ಕೆಳಗೆ ಹೋಗಿದೆ ಅಂದರೆ ಕೋನದ ಲೆಕ್ಕವೇ ಬೇರೆ ಅಂತ ಅರ್ಥ. ದಿಕ್ಸೂಚಿ ಲೆಕ್ಕ ಉತ್ತರದಿಂದ ಶುರುವಾಗಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಆ ಪ್ಯಾನೆಲ್ ಮಾತ್ರ ನಮ್ಮ ಹೈಸ್ಕೂಲ್ ಗಣಿತದ ಪ್ರಕಾರ ಪೂರ್ವದಿಂದ ಶುರುಮಾಡಿ ಉಲ್ಟಾ ತಿರುಗುತ್ತದೆ. ಅಲ್ಲಿ 240 ಹಾಕಿದರೆ ದಿಕ್ಸೂಚಿಯಲ್ಲಿ 210 ಆಗುತ್ತದೆ, 210 ಹಾಕಿದರೆ 240 ಆಗುತ್ತದೆ. ಎರಡೂ ನೈಋತ್ಯಕ್ಕೇ ಇರುವುದರಿಂದ ಕಣ್ಣಿಗೆ ಅನುಮಾನವೇ ಬರೋದಿಲ್ಲ, ಅದೇ ಇದರ ಕಿತಾಪತಿ.

ಮತ್ತೆ ಒಂದು ಪ್ರಶ್ನೆ, ಗೆರೆಯ ಶುರು ಎಲ್ಲಿಂದ? ಪುಕ್ಕಟೆ ಸಿಗುವ ದೇಶಗಳ ಶೇಪ್‌ಫೈಲ್‌ನಲ್ಲಿ ಭೂಗಡಿ ಸಮುದ್ರ ಮುಟ್ಟುವ ಜಾಗ ತಗೊಂಡಿದ್ದರೆ ಬಿಟ್ಟುಬಿಡಿ. ಅವುಗಳಲ್ಲಿ ಕರಾವಳಿಯನ್ನು ಒರಟಾಗಿ ಕತ್ತರಿಸಿರುತ್ತಾರೆ. ಶುರುವಿನ ಬಿಂದು ಎಷ್ಟು ಜರುಗಿತೋ ಗೆರೆ ಪೂರ್ತಿ ಅಷ್ಟೇ ಜರುಗುತ್ತದೆ. ಪತ್ರದಲ್ಲಿ ದೀಪಸ್ತಂಭ ಅಂತಲೇ ಹೇಳಿದ್ದಾರೆ, ಉಪಗ್ರಹ ಚಿತ್ರದಲ್ಲಿ ಅದನ್ನು ಹುಡುಕಿ ಬಿಂದು ಇಡಿ.

ಹಳೇ_ಅಟ್ಲಾಸ್:
ಬಿಸಾವು ಊರು ಕಳೆದುಹೋದ ಕೇಸ್ ನನಗೆ ಬಿಡಿ 😄

ಆ 16 ಡಿಗ್ರಿ ಗ್ರೀನಿಚ್‌ನದ್ದಲ್ಲ, ಪ್ಯಾರಿಸ್‌ನದ್ದು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸಭೆ ಸೇರಿ ಗ್ರೀನಿಚ್ ಸೊನ್ನೆ ಅಂತ ತೀರ್ಮಾನ ಮಾಡಿದರು, ಫ್ರಾನ್ಸ್ ಮತ ಹಾಕದೆ ಸುಮ್ನೆ ಕೂತಿತ್ತು. ಎರಡು ವರ್ಷ ಆದಮೇಲೆ ಈ ಒಪ್ಪಂದ ಬರೆದಾಗಲೂ ಪ್ಯಾರಿಸ್ ಲೆಕ್ಕವನ್ನೇ ಹಾಕಿದರು. ಪ್ಯಾರಿಸ್ ಗ್ರೀನಿಚ್‌ನಿಂದ ಪೂರ್ವಕ್ಕೆ 2 ಡಿಗ್ರಿ 20 ನಿಮಿಷ 14 ಸೆಕೆಂಡ್. ಹಾಗಾಗಿ ಪ್ಯಾರಿಸ್‌ನಿಂದ 16 ಪಶ್ಚಿಮ ಅಂದರೆ ನಮ್ಮ ಲೆಕ್ಕದಲ್ಲಿ 13 ಡಿಗ್ರಿ 39 ನಿಮಿಷ 46 ಸೆಕೆಂಡ್ ಪಶ್ಚಿಮ. ಈಗಿನ ಗಿನಿ ಬಿಸಾವಿನ ಪೂರ್ವ ಗಡಿ ಹೆಚ್ಚುಕಮ್ಮಿ ಅಲ್ಲೇ ಇದೆ. ಆ ಅಕ್ಷಾಂಶದಲ್ಲಿ ಈ ವ್ಯತ್ಯಾಸ 250 ಕಿಲೋಮೀಟರ್ ದಾಟುತ್ತದೆ. ಬಿಸಾವು ಇರುವುದು ಗ್ರೀನಿಚ್‌ನ ಹದಿನೈದೂವರೆ ಡಿಗ್ರಿ ಪಶ್ಚಿಮದ ಹತ್ತಿರ, ಅದಕ್ಕೇ ನಿಮ್ಮ ಗೆರೆಯಿಂದ ಆಚೆ ಬಿತ್ತು. ಉತ್ತರ ಗಡಿಯಲ್ಲಿ ಬರುವ 17 ಡಿಗ್ರಿ 30 ನಿಮಿಷವನ್ನೂ ಹೀಗೇ ಬದಲಿಸಿ, ಇಲ್ಲದಿದ್ದರೆ ಅದು ಹೋಗಿ ಸಮುದ್ರದಲ್ಲಿ ಕೂರುತ್ತದೆ.

ಒಂದೊಂದಾಗಿ ಕೂಡಿ ಕಳೆಯುವ ಬದಲು ಕಸ್ಟಮ್ ಪ್ರೊಜೆಕ್ಷನ್ ಮಾಡಿ, ಅದನ್ನು ವಿವರಿಸುವ ಪ್ರೋಜ್ ಸಾಲಿನಲ್ಲಿ ಪ್ರೈಮ್ ಮೆರಿಡಿಯನ್, ಅಂದರೆ ಸೊನ್ನೆ ರೇಖಾಂಶ, ಪ್ಯಾರಿಸ್ ಅಂತ ಕೊಟ್ಟರೆ ಸಾಕು. ಪಟ್ಟಿಯಲ್ಲಿ ಪ್ಯಾರಿಸ್ ಹೆಸರು ಕಂಡಿತು ಅಂತ ಇಪಿಎಸ್‌ಜಿ 4807 ಮಾತ್ರ ಆರಿಸಬೇಡಿ (ಇಪಿಎಸ್‌ಜಿ ಅಂದರೆ ನಿರ್ದೇಶಾಂಕ ವ್ಯವಸ್ಥೆಗಳಿಗೆ ಕೊಟ್ಟ ಸಂಕೇತ ಸಂಖ್ಯೆ). ಅದು ಫ್ರಾನ್ಸ್ ದೇಶದೊಳಗಿನ ಸರ್ವೆಗೆ ಮಾಡಿದ್ದು, ಅದರಲ್ಲಿ ಕೋನ ಡಿಗ್ರಿಯಲ್ಲಿಲ್ಲ, ಗ್ರೇಡ್‌ನಲ್ಲಿದೆ. ವೃತ್ತಕ್ಕೆ 360 ಅಲ್ಲ, 400.

ನಕ್ಷೆಹುಚ್ಚ:
ಪ್ಯಾರಿಸ್ ಹಾಕಿದೆ, ಬಿಸಾವು ವಾಪಸ್ ಬಂತು. ದೀಪಸ್ತಂಭದಿಂದ 210 ಕೊಟ್ಟು ಎಳೆದೆ, ಗೆರೆ ಬೀಸಣಿಗೆಯೊಳಗೆ ಕೂತಿತು. ಆದರೂ ಡೌನ್‌ಲೋಡ್ ಮಾಡಿದ ಗಡಿ ಲೇಯರ್ ಜೊತೆ ಪೂರ್ತಿ ಹೊಂದುತ್ತಿಲ್ಲ ಸರ್. ತೀರದ ಹತ್ತಿರ ಸರಿಯಿದೆ. 200 ನಾಟಿಕಲ್ ಮೈಲಿ ತುದಿಗೆ ಹೋಗುವಷ್ಟರಲ್ಲಿ ನನ್ನದು ಎರಡೂವರೆ ಕಿಲೋಮೀಟರ್‌ಗಿಂತ ಜಾಸ್ತಿ ದಕ್ಷಿಣಕ್ಕೆ ಸರಿದಿರುತ್ತದೆ. ಪ್ರಾಜೆಕ್ಟ್ ಇಪಿಎಸ್‌ಜಿ 4326ರಲ್ಲಿದೆ, ಅದೇ ಡಿಗ್ರಿ ಲೆಕ್ಕದ್ದು. ಜಿಯೊಡೆಸಿಕ್ ಗೆರೆ ಎಳೆಯುವ ಪ್ಲಗಿನ್ ಹಾಕಿಯೂ ನೋಡಿದೆ, ಅದೂ ಸುಮಾರು 2 ಕಿಲೋಮೀಟರ್ ದಕ್ಷಿಣಕ್ಕೇ ಹೋಗುತ್ತದೆ. ಇಷ್ಟು ದೊಡ್ಡ ಸಮುದ್ರದಲ್ಲಿ ಇದೇನು ಮಹಾ ಅಂತ ಬಿಟ್ಟುಬಿಡಲಾ?

ಕಂಪಾಸ್_ರಾಯ:
ಬಿಡಬೇಡಿ. ನಿಮ್ಮ ಎರಡೂ ಗೆರೆ ದಕ್ಷಿಣಕ್ಕೆ ಸರಿದಿವೆ ಅಂದರೆ ಗಿನಿ ಬಿಸಾವಿನ ಕಡೆಯಿಂದ ಒಂದು ಉದ್ದನೆಯ ಚೂರು ಕಿತ್ತು ಸೆನೆಗಲ್‌ಗೆ ಪುಕ್ಕಟೆ ಕೊಟ್ಟ ಹಾಗಾಯಿತು.

4326ರಲ್ಲಿ ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶ ಎರಡನ್ನೂ ಒಂದೇ ಉದ್ದ ಮಾಡಿ ತೋರಿಸುತ್ತದೆ. ನೆಲದ ಮೇಲೆ ಹಾಗಿಲ್ಲವಲ್ಲ, ಕೋನ ಅಷ್ಟು ಕೆಡುತ್ತದೆ. ಜಿಯೊಡೆಸಿಕ್ ಗೆರೆ ಅತಿ ಹತ್ತಿರದ ದಾರಿ ಹಿಡಿಯುವುದರಿಂದ 240ಕ್ಕೆ ಹೊರಟರೂ ಮುಂದೆ ಹೋದಂತೆ ನಿಧಾನಕ್ಕೆ ದಕ್ಷಿಣಕ್ಕೆ ಬಾಗುತ್ತದೆ. ನಿಮಗೆ ಬೇಕಾದದ್ದು ಕೊನೆವರೆಗೂ 240ರಲ್ಲೇ ಸಾಗುವ ಗೆರೆ, ಹಡಗಿನವರು ರಂಬ್ ಲೈನ್ ಅನ್ನುತ್ತಾರೆ. ಪ್ರಾಜೆಕ್ಟ್ ಅನ್ನು ಇಪಿಎಸ್‌ಜಿ 3395, ಅಂದರೆ ವರ್ಲ್ಡ್ ಮರ್ಕೇಟರ್‌ಗೆ ಬದಲಿಸಿ. ಅದರಲ್ಲಿ ರಂಬ್ ಲೈನ್ ನೇರ ಗೆರೆಯಾಗಿಯೇ ಬರುತ್ತದೆ. ವೆಬ್ ಮ್ಯಾಪ್‌ಗಳ 3857 ಬೇಡ, ನೋಡೋಕೆ ಒಂದೇ ತರ ಇದ್ದರೂ ಕೋನ ಸ್ವಲ್ಪ ತಪ್ಪುತ್ತದೆ. ಉದ್ದವನ್ನು ಮೀಟರ್‌ನಲ್ಲಿ ಲಾಕ್ ಮಾಡಬೇಡಿ, ಮರ್ಕೇಟರ್‌ನಲ್ಲಿ ಉದ್ದ ಹಿಗ್ಗಿರುತ್ತದೆ. ಉದ್ದಕ್ಕೆ ಎಳೆದು ಆಮೇಲೆ ಕತ್ತರಿಸಿ. ಇಷ್ಟಕ್ಕೂ ಆ 200 ಮೈಲಿ ಅಳೆಯುವುದು ಕರಾವಳಿಯ ಬೇಸ್‌ಲೈನ್‌ನಿಂದ, ದೀಪಸ್ತಂಭದಿಂದ ಅಲ್ಲ.

ಗಣಿತ_ಮೇಷ್ಟ್ರು:
ಪತ್ರದಲ್ಲಿ ನೇರ ಗೆರೆ ಅಂತ ಮಾತ್ರ ಇದ್ದರೆ ಜಿಯೊಡೆಸಿಕ್ ಯಾಕೆ ಆಗಬಾರದು ರಾಯರೇ? ಭೂಮಿ ಮೇಲೆ ಅದೇ ಅಲ್ವಾ ನಿಜವಾದ ನೇರ?

ಕಡಲ_ತಕರಾರು:
ಮೇಷ್ಟ್ರೇ, ಈ ಪ್ರಶ್ನೆಗೆ ಉತ್ತರ ಸಾಫ್ಟ್‌ವೇರ್‌ನಲ್ಲಿಲ್ಲ, ತೀರ್ಪಿನಲ್ಲಿದೆ. 1989ರ ಜುಲೈ 31ರಂದು, ಈ ಎರಡು ದೇಶಗಳ ಜಗಳ ಕೇಳಿದ ಮೂವರು ಪಂಚರ ಮಂಡಳಿ ಈ ಗೆರೆ ರಂಬ್ ಲೈನ್ ಅಂತ ಬರೆದೇ ಹೇಳಿದೆ. ಚರ್ಚೆ ಅಲ್ಲಿಗೆ ಮುಗಿಯಿತು. ಆದರೆ ನಕ್ಷೆಹುಚ್ಚ ಅವರೇ, ಗೆರೆ ಕೂತಿತು ಅಂತ ಖುಷಿಯಲ್ಲಿ ಅದಕ್ಕೆ ಸುಮ್ನೆ ‘ಸಮುದ್ರ ಗಡಿ’ ಅಂತ ಲೇಬಲ್ ಹಾಕಿದರೆ ನಿಮ್ಮ ಮ್ಯಾಪ್ ಮತ್ತೆ ತಪ್ಪಾಗುತ್ತದೆ.

ಪತ್ರಗಳ ತಾರೀಖು ನೋಡಿ, 1960ರ ಏಪ್ರಿಲ್ 26. ಸೆನೆಗಲ್ ಮಾಲಿ ಒಕ್ಕೂಟದ ಭಾಗವಾಗಿ ಸ್ವತಂತ್ರವಾದದ್ದು ಅದೇ ಜೂನ್ 20ಕ್ಕೆ. ಎರಡು ತಿಂಗಳೂ ಇರಲಿಲ್ಲ. ಮನೆ ಖಾಲಿ ಮಾಡುವ ಮುಂಚೆ ಬಾಡಿಗೆಯವರಿಬ್ಬರು ಕಾಂಪೌಂಡ್ ಎಲ್ಲಿ ಬರಬೇಕು ಅಂತ ಪತ್ರ ಬರೆದುಕೊಂಡ ಹಾಗೆ. 1958ರ ಜಿನೀವಾ ಒಪ್ಪಂದದಿಂದ ಕಾಂಟಿನೆಂಟಲ್ ಶೆಲ್ಫ್, ಅಂದರೆ ತೀರದಿಂದ ಮುಂದಕ್ಕೆ ಚಾಚಿದ ಸಮುದ್ರ ತಳದ ಸಂಪತ್ತು ದಂಡೆಯ ದೇಶಕ್ಕೇ ಸೇರಿದ್ದು ಅಂತ ಆಗಿತ್ತು. ಹಾಗಾಗಿ ಪತ್ರದಲ್ಲಿ ಶೆಲ್ಫ್ ಕೂಡ ಸೇರಿತು. ಎಣ್ಣೆಯ ಪ್ರಶ್ನೆ ಒಳಗೆ ಬಂದದ್ದು ಆ ಬಾಗಿಲಿನಿಂದ.

ಗಿನಿ ಬಿಸಾವು 1973ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡಿತು, ಮುಂದಿನ ವರ್ಷ ಪೋರ್ಚುಗಲ್ ಒಪ್ಪಿತು. ಅವರ ವಾದ, ಈ ಪತ್ರ ಪೋರ್ಚುಗಲ್‌ನ ಕಾನೂನಿನ ಪ್ರಕಾರವೂ ಸರಿಯಾಗಿ ಆಗಿಲ್ಲ, ಅಲ್ಲಿ ಪ್ರಕಟವೂ ಆಗಿಲ್ಲ, ನಮ್ಮ ಸಮುದ್ರವನ್ನು ಬೇರೆಯವರು ಬರೆದುಕೊಟ್ಟರೆ ನಾವ್ಯಾಕೆ ಕೇಳಬೇಕು ಅಂತ. ನನಗೆ ಕೇಳಿದರೆ ನ್ಯಾಯ ಅವರ ಕಡೆಗೇ ಜಾಸ್ತಿ ಇತ್ತು. ಆದರೆ ಮಂಡಳಿ ಇಬ್ಬರು ಪರ, ಒಬ್ಬರು ವಿರೋಧ ಅನ್ನೋ ಮತದಿಂದ ಪತ್ರ ಊರ್ಜಿತ ಅಂದಿತು. ಒಪ್ಪದ ಆ ಒಬ್ಬ ಪಂಚರು ಅಲ್ಜೀರಿಯಾದ ಮೊಹಮ್ಮದ್ ಬೆಜಾವಿ.

ಈಗ ನಿಮ್ಮ ಲೇಬಲ್ ವಿಷಯ. ಪತ್ರ ಹೇಳಿದ್ದು ಮೂರೇ: ಪ್ರಾದೇಶಿಕ ಸಮುದ್ರ, ಅದರಾಚೆಯ ಸಂಲಗ್ನ ವಲಯ, ಶೆಲ್ಫ್. ಮೀನು ಹಿಡಿಯುವ 200 ಮೈಲಿಯ ಆರ್ಥಿಕ ವಲಯ ಅನ್ನೋದು 1960ರಲ್ಲಿ ಇರಲೇ ಇಲ್ಲ. ಹಾಗಾಗಿ ಆ ನೀರಿಗೆ ಈ ಗೆರೆ ಅನ್ವಯ ಆಗಲ್ಲ ಅಂತ ಮಂಡಳಿ ಹೇಳಿತು. ಹೇಳಿ ಬಿಟ್ಟುಬಿಟ್ಟಿತು, ಬೇರೆ ಗೆರೆ ಎಳೆಯಲಿಲ್ಲ. ಅಂದರೆ ಒಂದೇ ಜಾಗದಲ್ಲಿ ತಳದ ಎಣ್ಣೆಗೆ ಗಡಿ ಇದೆ, ಮೇಲಿನ ಮೀನಿಗೆ ಇಲ್ಲ!

ಇದರಲ್ಲಿ ಇನ್ನೂ ಮಜಾ ಏನಂದರೆ, ಗೆರೆಯನ್ನು ಮ್ಯಾಪ್ ಮೇಲೆ ಎಳೆದು ಕೊಡಿ ಅಂತ ಎರಡೂ ದೇಶ ಮೊದಲೇ ಕೇಳಿಕೊಂಡಿದ್ದವು. ಮಂಡಳಿ ಅವಶ್ಯಕತೆ ಇಲ್ಲ ಅಂತ ಕೊಡಲೇ ಇಲ್ಲ. ಅಧ್ಯಕ್ಷ ಬಾರ್ಬೆರಿಸ್ ಬೇರೆ, ತಾವೇ ಸಹಿ ಹಾಕಿದ ತೀರ್ಪಿನ ಜೊತೆಗೆ, ಉತ್ತರವನ್ನು ಇನ್ನೂ ಖಚಿತವಾಗಿ ಬರೆಯಬಹುದಿತ್ತು ಅನ್ನೋ ಧಾಟಿಯ ಹೇಳಿಕೆ ಸೇರಿಸಿದರು. ಗಿನಿ ಬಿಸಾವು ಅದನ್ನೇ ಹಿಡಿದುಕೊಂಡು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು, 1991ರ ನವೆಂಬರ್ 12ರಂದು ಸೋತಿತು. ಆದ್ದರಿಂದ ಮಂಡಳಿಯ ಅಧಿಕೃತ ಮ್ಯಾಪ್ ಅಂತ ಹುಡುಕುತ್ತಾ ಕೂರಬೇಡಿ.

ನಕ್ಷೆಹುಚ್ಚ:
ಅಯ್ಯೋ, ಅದನ್ನೇ ಹುಡುಕುತ್ತಿದ್ದೆ! ಹಾಗಾದರೆ ಬೀಸಣಿಗೆ ಯಾಕೆ ಬಂತು? ಅದರೊಳಗೆ 240ರ ಗೆರೆ ತೋರಿಸಬೇಕಾ, ತೆಗೆದುಬಿಡಲಾ? ಹಾಗೇ ದಕ್ಷಿಣದಲ್ಲಿ ಪಕ್ಕದ ಗಿನಿ ದೇಶದ ಜೊತೆಗಿನ ಗಡಿ ಅಂತ 1886ರ ಒಪ್ಪಂದದ 10 ಡಿಗ್ರಿ 40 ನಿಮಿಷದ ಅಕ್ಷಾಂಶವನ್ನು ಸಮುದ್ರಕ್ಕೆ ಉದ್ದಕ್ಕೂ ಎಳೆದಿದ್ದೇನೆ, ಸರಿನಾ?

ಕಡಲ_ತಕರಾರು:
ಬೀಸಣಿಗೆ ಬಂದದ್ದು ರಾಜಿಯಿಂದ. 1993ರ ಅಕ್ಟೋಬರ್‌ನಲ್ಲಿ ಡಾಕರ್‌ನಲ್ಲಿ ಸಹಿ ಆಯಿತು. ಮೀನು ಅರ್ಧ ಅರ್ಧ. ತಳದ ಸಂಪತ್ತು ಸೆನೆಗಲ್‌ಗೆ 85, ಗಿನಿ ಬಿಸಾವಿಗೆ 15, ಹೊಸದಾಗಿ ಏನಾದರೂ ಸಿಕ್ಕರೆ ಈ ಪಾಲು ಬದಲಿಸಬೇಕು ಅಂತಲೂ ಇತ್ತು. ಈ 85-15ರಲ್ಲಿ ಆ ಹಳೇ ಪತ್ರದ ಭಾರ ಕಾಣುತ್ತದೆ ನೋಡಿ. ಡೋಮ್ ಫ್ಲೋರ್ ಅನ್ನೋ ಮಂದ ಎಣ್ಣೆಯ ನಿಕ್ಷೇಪ ಇರುವುದು ಈ ವಲಯದಲ್ಲೇ.

240ರ ಗೆರೆ ತೆಗೆಯಬೇಡಿ, ಚುಕ್ಕೆ ಗೆರೆ ಮಾಡಿ. ತೀರ್ಪಿನಿಂದ ಸಿಕ್ಕ ಹಕ್ಕಿಗೆ ಧಕ್ಕೆ ಇಲ್ಲ ಅಂತ ರಾಜಿಯಲ್ಲೇ ಬರೆದಿದ್ದಾರೆ. ಬೀಸಣಿಗೆಯಿಂದ ಎರಡೂ ದೇಶಗಳ ಪ್ರಾದೇಶಿಕ ಸಮುದ್ರವನ್ನು ಕತ್ತರಿಸಿ ತೆಗೆಯಿರಿ, ಅದು ಜಂಟಿ ವಲಯಕ್ಕೆ ಸೇರಲ್ಲ.

ದಕ್ಷಿಣದ್ದು ಸರಿಯಿಲ್ಲ. ಗಿನಿ ದೇಶ ವಾದ ಮಾಡಿದ್ದೂ ನೀವು ಎಳೆದ ಹಾಗೇ. ಆದರೆ 1985ರ ಫೆಬ್ರವರಿ 14ರಂದು ಇನ್ನೊಂದು ಮಂಡಳಿ, 1886ರವರು ಆ ಅಕ್ಷಾಂಶ ಬರೆದದ್ದು ಯಾವ ದ್ವೀಪ ಯಾರಿಗೆ ಅಂತ ಹೇಳೋಕೆ, ಸಮುದ್ರ ಹಂಚೋಕಲ್ಲ ಅಂದಿತು. ಕಜೆಟ್ ನದಿ ಬಾಯಿಯಿಂದ ಹೊರಟು ಸ್ವಲ್ಪ ದೂರ 10 ಡಿಗ್ರಿ 40 ನಿಮಿಷದಲ್ಲೇ ಹೋಗಿ, ಆಮೇಲೆ 236 ಡಿಗ್ರಿಗೆ ತಿರುಗಿ 200 ಮೈಲಿವರೆಗೆ. ಇದೂ ರಂಬ್ ಲೈನ್.

ಕಂಪಾಸ್_ರಾಯ:
236 ಅಂದರೆ ಪ್ಯಾನೆಲ್‌ನಲ್ಲಿ 214 ಹಾಕಿ. ಲೇಯರ್‌ಗೆ ‘ವರ್ಷ’, ‘ಯಾವುದಕ್ಕೆ’ ಅಂತ ಎರಡು ಕಾಲಂ ಸೇರಿಸಿಕೊಂಡರೆ ಎಣ್ಣೆ ಗೆರೆಗೂ ಮೀನಿನ ವಲಯಕ್ಕೂ ಬೇರೆ ಬೇರೆ ಬಣ್ಣ ಅದರಿಂದಲೇ ಬರುತ್ತದೆ.