ಅಂಗಡಿಯವ್ರು ಕಮ್ಮಿ ಬಿಲ್ ಹಾಕಿದ್ರ ಉಳಿದ ರೊಕ್ಕ ಕೊಡಬೇಕೇನ್ರಿ?

ಮುಚಖಂಡಿ ಕಡೆಯವ (ಬಾಗಲಕೋಟೆ):
ಮದುವಿ ಜವಳಿಯೊಳಗಿನ ಒಂದು ಇಳಕಲ್ ಸೀರಿ ವಿಷಯ. ಸೀರಿ ತೋರಿಸಿದ ಹುಡುಗ ಚೀಟಿ ಮ್ಯಾಲ ಬರದ ದರ 4,200. ಕೌಂಟರಿನಾಗ ಬಿಲ್ ಹೊಡಿಯೂ ಮುಂದ ಅಂಕಿ ಹಿಂದ ಮುಂದ ಆಗಿ 2,400 ಬಿದ್ದೈತಿ. ಜಿಎಸ್‌ಟಿ ಕೂಡಿ 2,520 ಯುಪಿಐ ಮಾಡಿದ್ದು. ಈಗ ಫೋನ್ ಮಾಡಿ 1,890 ಕೇಳಾಕತ್ತಾರ. ‘ಅವರ ತಪ್ಪಿಗೆ ನಾವ್ಯಾಕ ದಂಡ ಕಟ್ಟೂದು’ ಅನ್ನವ್ರು ಮನ್ಯಾಗ ಅರ್ಧ, ‘ಕೊಟ್ಟು ಕೈ ತೊಳ್ಕೊ’ ಅನ್ನವ್ರು ಅರ್ಧ. ಸೀರಿಗೆ ಫಾಲ್ ಪಿಕೋ ಆಗಿಬಿಟ್ಟೈತಿ, ಹೊಳ್ಳಿ ಕೊಡೂ ಮಾತಿಲ್ಲ. ಕಾಯ್ದೆ ಏನ ಹೇಳ್ತೈತಿ? ಬಿಲ್ ಹೆಂಗ ಸರಿ ಮಾಡಸಬೇಕು? ಕಿರಾಣಿ ಅಂಗಡ್ಯಾಗ ತೂಕದೊಳಗ ಹಿಂಗಾದ್ರೂ ಇದ ಲೆಕ್ಕೇನು? ತಿಳದವ್ರು ಹೇಳ್ರಿ.

ಕರಿಕೋಟು (ವಿಜಯಪುರ):
ನಿಮ್ಮ ಪ್ರಕರಣ ಪೂರ್ತಿ ಆ ಚೀಟಿಯ ಮೇಲೆ ನಿಂತಿದೆ. 4,200 ಎಂದು ಅವರು ಹೇಳಿ, ನೀವು ಹೂಂ ಅಂದು ಸೀರೆ ಕಟ್ಟಿಸಿದ ಮೇಲೆ ವ್ಯಾಪಾರ ಕುದುರಿದ್ದು 4,200ಕ್ಕೇ. ಬಿಲ್ಲು ಅದರ ದಾಖಲೆ ಅಷ್ಟೇ. ಬರೆಯುವಾಗ ಕೈತಪ್ಪಾದರೆ ಮಾತಾಡಿದ ಬೆಲೆ ಇಳಿಯುವುದಿಲ್ಲ, ಉಳಿದದ್ದು ನಿಮ್ಮ ಮೇಲೆ ಬಾಕಿ. ವಸೂಲಿಗೆ ದಾವೆ ಹಾಕಲು ಲಿಮಿಟೇಷನ್ ಕಾಯ್ದೆ 1963ರಂತೆ ಅವರಿಗೆ ಮೂರು ವರ್ಷ ಅವಕಾಶವಿದೆ. 1,890ಕ್ಕೆ ಯಾರೂ ವಕೀಲರ ಫೀ ಕೊಟ್ಟು ಕೋರ್ಟಿಗೆ ಬರುವುದಿಲ್ಲ, ಆ ಮಾತು ಬೇರೆ.

ಚೀಟಿ ಇಲ್ಲದೆ, ಸೀರೆಯ ಲೇಬಲ್ಲಿನಲ್ಲೇ 2,400 ಇದ್ದು ನೀವು ಅದನ್ನೇ ನಂಬಿ ತಗೊಂಡಿದ್ದರೆ ನನ್ನ ಉತ್ತರ ಉಲ್ಟಾ ಆಗುತ್ತಿತ್ತು. ಕರಾರು ಕಾಯ್ದೆ 1872ರ 22ನೇ ಕಲಂ ಪ್ರಕಾರ, ಒಬ್ಬರ ಕಡೆ ಮಾತ್ರ ತಪ್ಪು ತಿಳಿವಳಿಕೆ ಇತ್ತು ಎಂಬುದೊಂದೇ ಕಾರಣಕ್ಕೆ ಕರಾರು ರದ್ದು ಮಾಡಲು ಬರುವುದಿಲ್ಲ. ಬಿಲ್ ಹಾಕುವ ಮೊದಲೇ ತಪ್ಪು ಗೊತ್ತಾದರೆ ‘ಈ ದರಕ್ಕೆ ಆಗೂದಿಲ್ರಿ’ ಎನ್ನುವ ಹಕ್ಕು ಅಂಗಡಿಗಿದೆ. ರೊಕ್ಕ ಎಣಿಸಿಕೊಂಡು ಚೀಲ ಕೈಗೆ ಕೊಟ್ಟ ಮೇಲೆ ಆ ದಾರಿ ಮುಚ್ಚಿತು. ಆದರೆ 40,000ದ ಸೀರೆಗೆ 400 ಎಂದು ಲೇಬಲ್ ಇದ್ದು, ತಪ್ಪು ಎಂದು ಕಣ್ಣಿಗೆ ಕಾಣುತ್ತಿದ್ದರೂ ಸುಮ್ಮನೆ ಎತ್ತಿಕೊಂಡು ಬಂದವರು ಈ ಕಲಮಿನ ಆಸರೆ ನೆಚ್ಚಬಾರದು.

ಚಿಲ್ಲರೆ ಹೆಚ್ಚು ಬಂದದ್ದು, ಬಿಲ್ಲಿನಲ್ಲಿ ಇಲ್ಲದ ಸೀರೆ ಗಂಟಿನಲ್ಲಿ ಸಿಕ್ಕಿದ್ದು: ಇವಕ್ಕೆ ಚರ್ಚೆ ಬೇಡ. ಅದೇ ಕರಾರು ಕಾಯ್ದೆಯ 72ನೇ ಕಲಂ, ತಪ್ಪಿ ಬಂದ ಹಣವನ್ನಾಗಲಿ ವಸ್ತುವನ್ನಾಗಲಿ ಹಿಂದಿರುಗಿಸಲೇಬೇಕು.

ಗಣಪತ್ ಗಲ್ಲಿ ಕೌಂಟರ್ (ಬೆಳಗಾವಿ):
ಕಿರಾಣಿದು ನಾ ಹೇಳ್ತೀನಿ. ತೂಕದಾಗ ಕಮ್ಮಿ ಬಿಲ್ ಬೀಳೂದು ಬಹಳ ಮಾಡಿ ಟೇರ್ ಬಟನ್ನಿನ ಸಲುವಾಗಿ. ಒಬ್ಬರು ಶೇಂಗಾ ಎಣ್ಣಿಗೆ ಸ್ಟೀಲ್ ಡಬ್ಬಿ ತರ್ತಾರ. ಖಾಲಿ ಡಬ್ಬಿ 400 ಗ್ರಾಂ ಅನ್ರಿ. ಇಟ್ಟು ಟೇರ್ ಒತ್ತಿದ್ರ ಕಾಟಾ ಸೊನ್ನಿಗೆ ಬರ್ತೈತಿ. ತುಂಬಿ, ತೂಗಿ, ಡಬ್ಬಿ ಎತ್ತಿದ ಕೂಡಲೆ −0.400 ತೋರಿಸ್ತೈತಿ. ಗದ್ದಲದಾಗ ಅದನ್ನ ಅಳಸದ ಮುಂದಿನವರ ಬೆಲ್ಲ ಇಟ್ರ, 2 ಕೆಜಿ ಇದ್ದದ್ದು 1.600 ಅಂತ ಬೀಳ್ತೈತಿ. ಕೆಜಿಗೆ 60 ಹಿಡಿದ್ರ 24 ರೂಪಾಯಿ ಅಂಗಡಿಗೆ ಖೋತಾ. ಪ್ರತಿ ಗಿರಾಕಿ ಆದ ಮ್ಯಾಲ ತಟ್ಟಿ ಖಾಲಿ ಇದ್ದಾಗ ಸೊನ್ನಿ ಐತೋ ಇಲ್ಲೋ ನೋಡಿದ್ರ ಸಾಕು, ಈ ತಪ್ಪು ಆಗೂದಿಲ್ಲ. ಇದ ಉಲ್ಟಾ ಆದ್ರ, ಅಂದ್ರ ಡಬ್ಬಿ ತೂಕ ಕಳೀದ ಬಿಟ್ರ, ಗಿರಾಕಿ ಕಿಸೆಕ್ಕ ಕತ್ರಿ. ಅವಾಗ ಯಾರೂ ಫೋನ್ ಮಾಡಿ ಕರಿಯೂದಿಲ್ಲ ಬಿಡ್ರಿ.

ಬಾರ್‌ಕೋಡಿನ ಆಟ ಬ್ಯಾರೆ. ಡಜನ್ ಸೋಪಿನ ಕಟ್ಟಿಗೆ ಹೊರಗ ಒಂದು ಕೋಡ್ ಇರ್ತೈತಿ, ಒಳಗಿನ ಬಿಡಿ ಸೋಪಿಗೆ ಬ್ಯಾರೆ. ಮ್ಯಾಲಿನ ಪ್ಲಾಸ್ಟಿಕ್ ಹಾಳಿಯೊಳಗಿಂದ ಒಳಗಿನ ಕೋಡ್ ಕಂಡ್ರ ಸ್ಕ್ಯಾನರ್ ಅದನ್ನ ಹಿಡೀತೈತಿ, ಹನ್ನೆರಡಕ್ಕ ಒಂದರ ರೊಕ್ಕ. ಅದಕ್ಕ ಬಿಲ್ ಹಿಡಕೊಂಡು ನಗ ಎಣಸ್ರಿ. ಹಳೇ ಎಂಆರ್‌ಪಿ, ಹೊಸ ಎಂಆರ್‌ಪಿ ಎರಡಕ್ಕೂ ಕೋಡ್ ಒಂದ ಇದ್ದಾಗ ಸ್ಕ್ರೀನ್ ಮ್ಯಾಲ ಎರಡು ದರ ಬರ್ತಾವು. ಅವಸರದಾಗ ಮ್ಯಾಲಿಂದ ಒತ್ತಿಬಿಡ್ತಾರ. ಇದರಾಗ ಗಿರಾಕಿಗೆ ದರ ಹೇಳಿದ್ದ ಅಂಗಡಿ, ಹಂಗಾಗಿ ನಷ್ಟಾನೂ ಅಂಗಡಿದ ಅಂತ ನನ್ನ ಲೆಕ್ಕ.

ಇನ್ನೊಂದು, ಬಿಲ್ ಬರೋಬ್ಬರಿ 1,250 ಇರ್ತೈತಿ, ಗೋಡಿಗೆ ಅಂಟಿಸಿದ ಕ್ಯೂಆರ್‌ಗೆ ಗಿರಾಕಿ ತಾವ ಅಂಕಿ ಹೊಡೀತಾರ, ಸೊನ್ನಿ ಬಿಟ್ಟು 125. ಸೌಂಡ್‌ಬಾಕ್ಸ್ ‘ನೂರಾ ಇಪ್ಪತ್ತೈದು’ ಅಂತ ಒದರಿದ್ರೂ ಸಂತಿ ದಿನ ಯಾರ ಕಿವಿಗೂ ಬೀಳೂದಿಲ್ಲ. ಇದಂತೂ ಶುದ್ಧ ಬಾಕಿ, ವಾದ ಬ್ಯಾಡ.

ಜಮಾ ಖರ್ಚು (ಬಾಗಲಕೋಟೆ):
ಬಿಲ್ ಸರಿ ಮಾಡಿಸೋದರ ಬಗ್ಗೆ. ಹಳೆ ಬಿಲ್ ಹರಿದು ಹಿಂದಿನ ತಾರೀಖಿನ ಹೊಸ ಬಿಲ್ ಕೊಡ್ತೀವಿ ಅಂದ್ರ ಒಪ್ಪಬೇಡಿ. ಬಿಲ್ಲಿನಲ್ಲಿ ಬೆಲೆ ಅಥವಾ ತೆರಿಗೆ ಕಮ್ಮಿ ಬಿದ್ದಿದ್ರೆ ಡೆಬಿಟ್ ನೋಟ್ (ಕಮ್ಮಿ ಬಿದ್ದಷ್ಟಕ್ಕೆ ಮೂಲ ಬಿಲ್ಲಿಗೆ ಜೋಡಿಸಿ ಕೊಡೋ ಪೂರಕ ಪತ್ರ) ಕೊಡಬೇಕು, ಸಿಜಿಎಸ್‌ಟಿ ಕಾಯ್ದೆ 2017ರ 34ನೇ ಕಲಂ. ಅದರಲ್ಲಿ ಮೂಲ ಬಿಲ್ ನಂಬರ್ ಮತ್ತು ತಾರೀಖು ಇರಬೇಕು. ನಿಮ್ಮದಕ್ಕೆ ಲೆಕ್ಕ: ಬೆಲೆ ವ್ಯತ್ಯಾಸ 1,800, ಸೀರೆಗೆ ಶೇ 5ರಂತೆ ತೆರಿಗೆ 90, ಅಂದ್ರೆ ಕೇಂದ್ರದ್ದು 45, ರಾಜ್ಯದ್ದು 45. ಒಟ್ಟು 1,890, ಅವರು ಕೇಳಿದ ಅಂಕಿ ಸರಿಯಿದೆ. ತೆರಿಗೆ ಬಿಟ್ಟು ಬರೀ 1,800 ಕೈಯಾಗ ಕೊಡ್ರಿ ಅಂತ ಯಾರಾದ್ರೂ ಅಂದ್ರೆ ಆ ರೊಕ್ಕ ಪುಸ್ತಕಕ್ಕೆ ಹೋಗೋದಿಲ್ಲ ಅಂತ ತಿಳ್ಕೊಳ್ರಿ.

ಅಂಗಡಿ ಕಾಂಪೋಸಿಷನ್‌ನಲ್ಲಿದ್ದರೆ (ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಮ್ಮಿ ದರದ ತೆರಿಗೆ ತಾವೇ ಕಟ್ಟೋ ಜಿಎಸ್‌ಟಿ ಯೋಜನೆ) ಗಿರಾಕಿಯಿಂದ ಜಿಎಸ್‌ಟಿ ಪ್ರತ್ಯೇಕ ವಸೂಲಿ ಮಾಡುವಂತೆಯೇ ಇಲ್ಲ. ಬಿಲ್ ಮೇಲೆ ‘ಬಿಲ್ ಆಫ್ ಸಪ್ಲೈ’ ಅಂತ ಇರುತ್ತೆ, ನೋಡಿ. ‘ಜಿಎಸ್‌ಟಿ ಸೇರಿಸೋದು ಮರೆತೆವು’ ಅಂತ ಎಂಆರ್‌ಪಿ ದಾಟಿಸಿ ಕೇಳಿದರೂ ಕೊಡಬೇಡಿ. ಎಂಆರ್‌ಪಿ ಅಂದ್ರೆ ಎಲ್ಲ ತೆರಿಗೆ ಕೂಡಿದ ಗರಿಷ್ಠ ಬೆಲೆ.

ಕುಂದಾ ಪೇಢೆ (ಬೆಳಗಾವಿ):
ಎಲ್ಲಾರೂ ಕೊಡ್ರಿ ಕೊಡ್ರಿ ಅಂತೀರಲ್ರಿ. ‘ಮಾರಿದ ಮಾಲು ವಾಪಸ್ ತಗೊಳ್ಳೂದಿಲ್ಲ’ ಅಂತ ಗಲ್ಲಾಪೆಟ್ಟಿಗಿ ಮ್ಯಾಲ ಬೋರ್ಡ್ ಹಾಕವ್ರು ಇವ್ರ. ಅವರಿಗೆ ಮುಗದ ವ್ಯಾಪಾರ ಗಿರಾಕಿಗೆ ಮಾತ್ರ ಮುಗದಿಲ್ಲೇನು?

ಕರಿಕೋಟು (ವಿಜಯಪುರ):
ಸಿಟ್ಟು ನ್ಯಾಯವಾದದ್ದೇ ರೀ, ಆದರೆ ಆ ಬೋರ್ಡಿಗೂ ಕಿಮ್ಮತ್ತಿಲ್ಲ. ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತಗೊಂಡು ಹಣ ಕೊಡಲು ಒಪ್ಪದಿರುವುದು ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಂತೆ ಅನುಚಿತ ವ್ಯಾಪಾರ ಪದ್ಧತಿ. ಅವರ ಬೋರ್ಡ್ ತಪ್ಪು ಅಂತ ನಮ್ಮ ಬಾಕಿ ವಜಾ ಆಗುವುದಿಲ್ಲ. ಇನ್ನು ಕೇಳಿದವರಿಗೆ: ಸೀರೆ ಮಡಿಕೆ ಬಿಚ್ಚದೆ ಇದ್ದಿದ್ದರೆ ‘ಸೀರೆ ತಗೊಂಡು 2,520 ಕೊಡಿ’ ಎಂದು ಚೌಕಾಸಿ ಮಾಡಬಹುದಿತ್ತು. ಫಾಲ್ ಹೊಲಿದ ಸೀರೆ ಅವರಿಗೂ ಬೇಡ. ಎರಡು ಕಂತಿನಲ್ಲಿ ಕೊಡ್ತೀನಿ ಎನ್ನಬಹುದು, ತಡವಾಗಿ ಕೇಳಿದ್ದಕ್ಕೆ ಸ್ವಲ್ಪ ಬಿಡಿ ಎನ್ನಲೂಬಹುದು. ಅದು ಮಾತುಕತೆ, ಹಕ್ಕಲ್ಲ.

ಗಣಪತ್ ಗಲ್ಲಿ ಕೌಂಟರ್ (ಬೆಳಗಾವಿ):
ಒಂದು ಕೂಡಿಸ್ತೀನಿ. ‘ಕೊಡ್ಲಿಲ್ಲಂದ್ರ ಬಿಲ್ ಹೊಡದ ಹುಡುಗನ ಪಗಾರದಾಗ ಮುರಕೋತೀವಿ’ ಅಂತ ಕೆಲವ್ರು ಗಿರಾಕಿಗೆ ಮನಸ್ಸು ಕರಗೂ ಹಂಗ ಹೇಳ್ತಾರ. ವೇತನ ಸಂಹಿತೆ 2019ರ ಪ್ರಕಾರ ಹುಡುಗನ ನಿರ್ಲಕ್ಷ್ಯದಿಂದ ಆದ ನಷ್ಟಕ್ಕ ಮಾತ್ರ ಮುರಕೋಬಹುದು, ಅದೂ ಅವನ ಮಾತು ಕೇಳಿದ ಮ್ಯಾಲ. ಎಲ್ಲಾ ಕಡಿತ ಕೂಡಿ ಪಗಾರದ ಅರ್ಧ ದಾಟಬಾರದು. ಬೀಗರ ಮನಿಯವ್ರ ಹಂಗ ಕೌಂಟರ್ ಮುಂದ ಹತ್ತು ಮಂದಿ ನಿಂತಾಗ 42ರ ಜಾಗಾಕ್ಕ 24 ಬಿದ್ರ, ಚೀಟಿ ಬಿಲ್ ಎರಡನ್ನೂ ತಾಳೆ ನೋಡೂ ಇನ್ನೊಬ್ಬ ಮನಶ್ಯಾನ್ನ ಇಡದ ಇದ್ದದ್ದು ಮಾಲಕರ ತಪ್ಪು. ರೊಕ್ಕ ಕೊಟ್ರ ಅಂಗಡಿಗೆ ಕೊಡ್ರಿ, ಹುಡುಗನ ಕೈಯಾಗ ಅಲ್ಲ.

ಮುಚಖಂಡಿ ಕಡೆಯವ (ಬಾಗಲಕೋಟೆ):
ತಿಳೀತ್ರಿ, ಕೊಡೂದಂತೂ ಖರೆ. ಫೋನ್ ಬಂದದ್ದು ಬ್ಯಾರೆ ನಂಬರಿಂದ, ಆ ನಂಬರಿಗೇ ಹಾಕ್ರಿ ಅಂತಾರ. ಹಾಕಬೇಕೇನು? 1,890ಕ್ಕ ಇಳಕಲ್ಲಿಗೆ ಬಸ್ ಹತ್ತಿ ಹೋಗೂದು ಆಗೂದಿಲ್ಲ.

ಜಮಾ ಖರ್ಚು (ಬಾಗಲಕೋಟೆ):
ಆ ನಂಬರಿಗೆ ಬೇಡ್ರಿ. ನಿಮ್ಮ ಯುಪಿಐ ಹಿಸ್ಟರಿ ತೆಗೀರಿ, 2,520 ಹೋದ ಐಡಿ ಅಲ್ಲೇ ಇರುತ್ತೆ, ಅದರ 12 ಅಂಕಿಯ ರೆಫರೆನ್ಸ್ ನಂಬರೂ ಇರುತ್ತೆ. ಮೊದಲು ಬಿಲ್ ಮೇಲೆ ಅಚ್ಚಾದ ನಂಬರಿಗೆ ನೀವೇ ಫೋನ್ ಮಾಡಿ ಬಿಲ್ ನಂಬರ್, ಸೀರೆ ದರ ಅವರ ಬಾಯಿಂದಲೇ ಹೇಳಿಸ್ರಿ. ನೀವು ಮೊದಲು ಹೇಳಬೇಡಿ. ಡೆಬಿಟ್ ನೋಟ್ ವಾಟ್ಸಾಪ್‌ನಾಗ ಬಂದ ಮೇಲೆ ಅದೇ ಹಳೆ ಐಡಿಗೆ 1,890 ಹಾಕಿ, ಟಿಪ್ಪಣಿ ಜಾಗದಾಗ ಬಿಲ್ ನಂಬರ್ ಬರೀರಿ. ಲಿಂಕ್ ಕಳಿಸ್ತೀವಿ, ಒತ್ತಿ ಪಿನ್ ಹೊಡೀರಿ ಅಂದ್ರೆ ಫೋನ್ ಇಟ್ಟುಬಿಡ್ರಿ.