ಅಪ್‌ಡೇಟ್: ಹಂಗೇರಿಯನ್ 'ಕೊಚಿ'ಯ ಮೂಲ ಸಿಕ್ಕಿತು
ಹಂಗೇರಿಯನ್ ಭಾಷೆಯಲ್ಲಿ ಗಾಡಿಗೆ ಅನ್ನೋ 'ಕೊಚಿ'ಗೂ ನಮ್ಮ ರೈಲಿನ ಕೋಚ್‌ಗೂ ನಂಟಿದೆಯೇ ಅಂತ ಹೋದ ವಾರ ಕೇಳಿದ್ದೆನಲ್ಲ, ಇದೆ! ಆದರೆ ಇಂಗ್ಲಿಷಿನ ಕೋಚ್ ಅಲ್ಲಿಗೆ ಹೋಗಿ ಕೊಚಿ ಆಯಿತು ಅಂತ ನಾನಂದುಕೊಂಡಿದ್ದಕ್ಕೆ ಉಲ್ಟಾ: ಕೋಚ್ ಅನ್ನೋ ಪದ ಹುಟ್ಟಿದ್ದೇ ಹಂಗೇರಿಯಲ್ಲಿ. ಕೊಚ್ ಅನ್ನೋದು ವಿಯೆನ್ನಾ–ಬುಡಾ (ಈಗಿನ ಬುಡಾಪೆಸ್ಟಿನ ಭಾಗ) ದಾರಿಯ ಹಳ್ಳಿ, 15ನೇ ಶತಮಾನದಿಂದ ಗಾಡಿಗೆ ಹೆಸರುವಾಸಿ. 'ಕೊಚಿ ಸೆಕೇರ್' ಅಂದರೆ ಕೊಚ್ ಊರಿನ ಬಂಡಿ. ಬರುಬರುತ್ತಾ 'ಬಂಡಿ' ಉದುರಿಹೋಗಿ 'ಕೊಚಿ'ಯೇ ನಾಮಪದವಾಯಿತು. ನಾವು ಸೀರೆ ಬಿಟ್ಟು "ಇಳಕಲ್ ಉಟ್ಟಿದ್ದಳು" ಅನ್ನಲ್ವಾ, ಹಾಗೆ. ಈಗ ಕಾರಿಗೂ ರೈಲು ಬೋಗಿಗೂ ಅದೇ ಪದ. ಮಗುವಿನ ತಳ್ಳುಗಾಡಿ 'ಬಬಕೊಚಿ'.

ವ್ಯಾಕರಣವಂತೂ ಮನೆಯದೇ ಅನ್ನಿಸಿತು. 'ಕೊಚಿಬನ್' ಗಾಡಿಯಲ್ಲಿ, 'ಕೊಚಿಕ್' ಗಾಡಿಗಳು, 'ಕೊಚಿಕ್‌ಬನ್' ಗಾಡಿಗಳಲ್ಲಿ. ಸಂಖ್ಯೆ ಬಂದರೆ ಬಹುವಚನ ಬೇಡ: 'ಕೇತ್ ಕೊಚಿ', ಎರಡು ಗಾಡಿ. ಲಿಂಗದ ತಲೆನೋವೂ ಇಲ್ಲ.