ಇಳಿಸಿದ ಸ್ವಿಫ್ಟ್, ದಿನಾ ಮಂಡ್ಯ–ಮೈಸೂರು ಓಡಾಟ: ಜರ್ಕ್ ಕಮ್ಮಿ ಮಾಡೋಕೆ ಏನು ಮಾಡಬೇಕು?

ಕೇಳಿದವರು, ಮಂಡ್ಯ:

2014ರ ಪೆಟ್ರೋಲ್ ಸ್ವಿಫ್ಟ್. ಸೆಕೆಂಡ್ ಹ್ಯಾಂಡ್ ತಗೊಂಡಾಗಲೇ ಗಾಡಿ ಎತ್ತರ ಇಳಿಸಿತ್ತು. 40 ಮಿ.ಮೀ. ಇಳಿಸುವ ಸ್ಪ್ರಿಂಗ್, ಶಾಕ್ಸ್ ಮಾತ್ರ ಕಂಪನಿಯ ಹಳೇವೇ. 16 ಇಂಚಿನ ಅಲಾಯ್‌ಗೆ 195/50 ಟೈರ್, ಗಾಳಿ 35. ದಿನಾ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶಕ್ಕೆ ಹೋಗಿ ಬರಬೇಕು. ಹೈವೇ ಸೇತುವೆ ಜಾಯಿಂಟ್ ಬಂದಾಗೆಲ್ಲ ಧಡ್ ಅಂತ ಹೊಡೆಯುತ್ತೆ. ಸರ್ವಿಸ್ ರಸ್ತೆ ಹಂಪ್‌ಗಳಲ್ಲಿ ತಳ ಉಜ್ಜುತ್ತೆ. ಹಿಂದೆ ಕೂತ ಅಪ್ಪ ಅಮ್ಮನಿಗೆ ಸೊಂಟ ಹಿಡಿಯುತ್ತೆ. ಗಾಡಿ ಸ್ವಲ್ಪ ತಗ್ಗಿರೋದು ನನಗೆ ಇಷ್ಟ, ಪೂರ್ತಿ ಎತ್ತೋ ಮನಸ್ಸಿಲ್ಲ. ಕಾಯಿಲ್‌ಓವರ್ (ಸ್ಪ್ರಿಂಗ್, ಶಾಕ್ಸ್ ಒಟ್ಟಿಗಿದ್ದು ಎತ್ತರ ಹೊಂದಿಸಬಹುದಾದ ಸೆಟ್) ಹಾಕಿಸಿದರೆ ಎಲ್ಲಾ ಸರಿಹೋಗುತ್ತೆ ಅಂತಾರೆ, ನಿಜವಾ? ಮೊದಲು ಯಾವುದಕ್ಕೆ ದುಡ್ಡು ಹಾಕಲಿ?

ಸರಸ್ವತಿಪುರಂ, ಮೈಸೂರು:

ಸರ್, ದುಡ್ಡು ಹಾಕೋಕೆ ಮುಂಚೆ ಒಂದು ಕೇಬಲ್ ಟೈ ತಗೊಳ್ಳಿ. ನಿಮ್ಮ ಗಾಡಿ ಹೊಡೆಯುತ್ತಿರೋದು ಸ್ಪ್ರಿಂಗ್ ಬಿಗಿ ಆಗಿದೆ ಅಂತಲ್ಲ, ಶಾಕ್ಸ್‌ಗೆ ಆಡೋಕೆ ಜಾಗ ಇಲ್ಲ ಅಂತ. ಉದಾಹರಣೆಗೆ, ಗಾಡಿ ಸುಮ್ಮನೆ ನಿಂತಾಗ ಮುಂದಿನ ಸ್ಟ್ರಟ್ (ಸ್ಪ್ರಿಂಗ್, ಶಾಕ್ಸ್ ಒಟ್ಟಿಗಿರೋ ಕಂಬ) ಬಂಪ್ ಸ್ಟಾಪ್ (ಶಾಕ್ಸ್ ಪೂರ್ತಿ ಕುಗ್ಗದ ಹಾಗೆ ತಡೆಯೋ ಮೆತ್ತನೆ ತುಂಡು) ಮುಟ್ಟೋಕೆ 70 ಮಿ.ಮೀ. ಜಾಗ ಇತ್ತು ಅಂದ್ಕೊಳ್ಳಿ. 40 ಇಳಿಸಿದರೆ ಉಳಿಯೋದು 30. ಸ್ಪ್ರಿಂಗ್ ಹೀರುವ ಏಟಿನ ಶಕ್ತಿ, ಅದು ಒತ್ತಿದ ದೂರದ ವರ್ಗಕ್ಕೆ ತಕ್ಕಂತೆ ಏರುತ್ತೆ. ಅಂದರೆ ಅದೇ ಗುಂಡಿಯ ಏಟನ್ನು 30 ಮಿ.ಮೀ. ಒಳಗೆ ಹೀರಬೇಕಾದರೆ ಸ್ಪ್ರಿಂಗ್ ಐದು ಪಟ್ಟಿಗೂ ಹೆಚ್ಚು ಬಿಗಿ ಇರಬೇಕು. ಲೋವರಿಂಗ್ ಸ್ಪ್ರಿಂಗ್‌ಗಳು ಅಷ್ಟು ಬಿಗಿ ಇರಲ್ಲ, ಇರಲೂಬಾರದು. ಮಿಕ್ಕ ಏಟೆಲ್ಲ ಬಂಪ್ ಸ್ಟಾಪ್‌ಗೆ, ಅಲ್ಲಿಂದ ಬಾಡಿಗೆ ಹೋಗುತ್ತೆ. ನಿಮ್ಮ ಧಡ್ ಸದ್ದು ಅದೇ.

ಇದನ್ನು ಖಚಿತ ಮಾಡ್ಕೊಳ್ಳೋದು ಹೀಗೆ. ಮುಂದಿನ ಚಕ್ರ ಬಿಚ್ಚಿ. ಜ್ಯಾಕ್ ಮೇಲೆ ಮಾತ್ರ ನಿಲ್ಲಿಸಬೇಡಿ, ಸ್ಟ್ಯಾಂಡ್ ಕೊಡಿ. ಡಸ್ಟ್ ಬೂಟ್ ಮೇಲಕ್ಕೆ ಸರಿಸಿ ಶಾಕ್ಸ್‌ನ ಹೊಳೆಯುವ ರಾಡ್‌ಗೆ ಪ್ಲಾಸ್ಟಿಕ್ ಕೇಬಲ್ ಟೈ ಕಟ್ಟಿ, ಸೀಲ್‌ಗೆ ತಾಗೋ ಹಾಗೆ ಕೆಳಗೆ ಇಳಿಸಿ. ತಂತಿ ಕಟ್ಟಬೇಡಿ, ರಾಡ್ ಗೀರಿದರೆ ಸೀಲ್ ಹೋಗುತ್ತೆ. ಚಕ್ರ ಹಾಕಿ ಗಾಡಿ ಇಳಿಸಿ, ಎರಡು ಸಲ ಅಲುಗಾಡಿಸಿ, ಮತ್ತೆ ಎತ್ತಿ ನೋಡಿದರೆ ಟೈ ರಾಡ್ ಮೇಲೆ ಎಷ್ಟು ದೂರ ಹೋಗಿದೆಯೋ ಅದು ನಿಂತ ಮಟ್ಟ. ಆಮೇಲೆ ನಿಮ್ಮ ಮಾಮೂಲಿ ದಾರೀಲಿ ಹೋಗಿ ಬಂದು ನೋಡಿ. ಟೈ ಬಂಪ್ ಸ್ಟಾಪ್‌ಗೇ ಸಿಕ್ಕಿಕೊಂಡಿದ್ದರೆ ಗಾಡಿ ದಿನಾ ಅದರ ಮೇಲೇ ಓಡ್ತಿದೆ. ಹಿಂದೆಯೂ ಹೀಗೇ ಮಾಡಿ. ಅಲ್ಲಿ ಶಾಕ್ಸ್ ಬೇರೆ ಸ್ಪ್ರಿಂಗ್ ಬೇರೆ ಇರೋದರಿಂದ ನೋಡೋದು ಇನ್ನೂ ಸುಲಭ.

ಬಂಪ್ ಸ್ಟಾಪ್ ಪೂರ್ತಿ ತೆಗೆದುಬಿಡಿ ಅಂತ ಯಾರಾದರೂ ಹೇಳಿದರೆ ಕೇಳಲೇಬೇಡಿ. ಶಾಕ್ಸ್ ಒಳಗೆ ಲೋಹಕ್ಕೆ ಲೋಹ ಹೊಡೆದು ವಾಲ್ವ್ ಹೋಗುತ್ತೆ, ಸ್ಟ್ರಟ್ ಮೌಂಟ್ ಬಿರಿಯುತ್ತೆ. ಕತ್ತರಿಸಲೇಬೇಕಾದರೆ ಒಂದು ಬಳೆಯಷ್ಟು, ಸುಮಾರು 15 ಮಿ.ಮೀ., ಅದೂ ದಪ್ಪ ತುದಿಯಿಂದ. ಚೂಪಾದ ತುದಿಯೇ ಮೆತ್ತಗೆ ತಡೆಯೋದು, ಅದು ಉಳಿಯಬೇಕು. ಕತ್ತರಿಸೋ ಮುಂಚೆ ಸ್ಪ್ರಿಂಗ್ ಇಲ್ಲದೆ ಚಕ್ರ ಪೂರ್ತಿ ಮೇಲೆತ್ತಿ, ಟೈರ್ ಮಡ್‌ಗಾರ್ಡ್ ಒಳಗಿನ ಲೈನರ್‌ಗೆ ತಾಗಲ್ಲ ಅಂತ ನೋಡ್ಕೊಳ್ಳಿ.

ಕುವೆಂಪುನಗರ, ಮೈಸೂರು:

ಮೇಲಿನವರು ಹೇಳಿದ್ದು ಸರಿ. ಆದರೆ ಟೈರ್ ವಿಷಯ ಅದಕ್ಕೂ ಮುಂಚೆ ಬರಬೇಕು ಅನ್ನೋದು ನನ್ನ ಲೆಕ್ಕ. ಈ ಸ್ವಿಫ್ಟ್‌ನ ಮೇಲಿನ ಮಾಡೆಲ್‌ಗೆ ಕಂಪನಿ ಕೊಟ್ಟಿದ್ದು 185/65 ಆರ್ 15. ಅದರ ಹೊರ ವ್ಯಾಸ 621 ಮಿ.ಮೀ. ಚಿಲ್ಲರೆ, ಟೈರ್ ಗೋಡೆಯ ಎತ್ತರ 120. ನಿಮ್ಮ 195/50 ಆರ್ 16ರ ವ್ಯಾಸ 601, ಗೋಡೆ ಬರೀ 97. ಅಂದರೆ ಸ್ಪ್ರಿಂಗ್ 40 ಇಳಿಸಿದ್ದರ ಮೇಲೆ ಟೈರ್ ಇನ್ನೂ 10 ಮಿ.ಮೀ. ಇಳಿಸಿದೆ. ತಳ ಉಜ್ಜೋದರಲ್ಲಿ ಅದರ ಪಾಲೂ ಇದೆ.

ರಿಮ್ ಇದೇ ಇರಲಿ ಅಂದರೆ 195/55 ಆರ್ 16 ಹಾಕಿ. ವ್ಯಾಸ 621, ಕಂಪನಿ ಟೈರಿಗೆ ಸಮ. ಗೋಡೆ 107. ತಳ 10 ಮಿ.ಮೀ. ಮೇಲೆ ಬರುತ್ತೆ, ಸ್ಪೀಡೋಮೀಟರ್ ಕೂಡ ಸರಿ ತೋರಿಸುತ್ತೆ. ಆದರೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಳ ಲೈನರ್‌ಗೆ ತಾಗುತ್ತಾ ಅಂತ ಹಾಕುವ ಅಂಗಡಿಯಲ್ಲೇ ನೋಡ್ಕೊಳ್ಳಿ. ನೋಟಕ್ಕಿಂತ ಸೊಂಟ ಮುಖ್ಯ ಅಂದರೆ 15 ಇಂಚಿಗೇ ವಾಪಸ್ ಹೋಗಿ. ರಿಮ್ ತೂಗಿಸಿ ತಗೊಳ್ಳಿ, ಚಕ್ರದ ಒಂದೊಂದು ಕೆಜಿಯೂ ಜಾಯಿಂಟ್ ಮೇಲೆ ಗೊತ್ತಾಗುತ್ತೆ. ಹೊಸ ಟೈರಿನ ಲೋಡ್ ನಂಬರ್ (ಎಷ್ಟು ತೂಕ ಹೊರುತ್ತೆ ಅನ್ನೋ ಅಂಕಿ) ಕಂಪನಿ ಟೈರಿಗೆ ಹೇಳಿದ್ದಕ್ಕಿಂತ ಕಮ್ಮಿ ಇರಬಾರದು.

ಗಾಳಿ 35 ಜಾಸ್ತಿ. ಡ್ರೈವರ್ ಬಾಗಿಲ ಕಂಬದ ಸ್ಟಿಕರ್ ನೋಡಿ, ಅದಕ್ಕಿಂತ 1 ಅಥವಾ 2 ಹೆಚ್ಚಿಗೆ ಇಟ್ಟು ಶುರು ಮಾಡಿ. ಬೆಳಿಗ್ಗೆ ಟೈರ್ ತಣ್ಣಗಿರುವಾಗ ತುಂಬಿಸಬೇಕು. ಮದ್ದೂರು ಕಡೆಯಿಂದ ಓಡಿಸ್ಕೊಂಡು ಬಂದು ಬಿಸಿ ಟೈರಿಗೆ ಹಿಡಿಸಿದರೆ ಆ ಲೆಕ್ಕ ತಪ್ಪು. ಹಾಗಂತ ನಿಮ್ಮ 195/50 ಟೈರಿಗೆ 30ಕ್ಕಿಂತ ಕೆಳಗೆ ಬೇಡ. ಮಳೆಗಾಲದ ಗುಂಡೀಲಿ ರಿಮ್ಮಿಗೂ ಗುಂಡಿ ಅಂಚಿಗೂ ನಡುವೆ ಟೈರ್ ಸಿಕ್ಕಿ ಒಳದಾರ ಕಿತ್ತು, ಗೋಡೆ ಉಬ್ಬುತ್ತೆ.

ಹೂಟಗಳ್ಳಿ, ಮೈಸೂರು (ಗ್ಯಾರೇಜ್ ಕೆಲಸ):

ಇಳಿಸಿದ ಗಾಡೀಲಿ ಗ್ಯಾರೇಜ್‌ನವರು ಬಹಳ ಕಡೆ ಬಿಡೋ ಕೆಲಸ ಒಂದಿದೆ, ಬುಷ್, ಅಂದರೆ ಕೀಲಿನ ಜಾಗದ ರಬ್ಬರ್ ತುಂಡು. ಲೋವರ್ ಆರ್ಮ್ (ಮುಂದಿನ ಚಕ್ರ ಹಿಡಿದಿರೋ ಕೆಳಗಿನ ತೋಳು) ಬುಷ್ ಮತ್ತು ಹಿಂದಿನ ಆಕ್ಸಲ್ ಬುಷ್‌ನಲ್ಲಿ ರಬ್ಬರ್ ಒಳಗಿನ ಕೊಳವೆಗೆ ಅಂಟಿರುತ್ತೆ. ಅದು ಜಾರಲ್ಲ, ತಿರುಚಿಕೊಳ್ಳುತ್ತೆ. ಹಳೇ ಎತ್ತರದಲ್ಲಿ ಬಿಗಿ ಮಾಡಿದ ಬೋಲ್ಟ್ ಹಾಗೇ ಬಿಟ್ಟು ಗಾಡಿ 40 ಇಳಿಸಿದರೆ, ಆರ್ಮ್ 330 ಮಿ.ಮೀ. ಆಸುಪಾಸಿದ್ದರೆ ರಬ್ಬರ್ ಸುಮಾರು 7 ಡಿಗ್ರಿ ತಿರುಚಿಕೊಂಡೇ ನಿಂತಿರುತ್ತೆ. ಗಾಡಿ ಎತ್ತಿ ಚಕ್ರ ಜೋತಾಡುವಾಗ ಬಿಗಿ ಮಾಡಿದ್ದರೆ ಇನ್ನೂ ಹೆಚ್ಚು. ಆಗ ಬುಷ್ ಇನ್ನೊಂದು ಸ್ಪ್ರಿಂಗ್ ಥರ ಕೆಲಸ ಮಾಡಿ ಸವಾರಿ ಬಿಗಿಯಾಗುತ್ತೆ, ಬೇಗ ಹರಿದೂ ಹೋಗುತ್ತೆ.

ಮಾಡಬೇಕಾದ್ದು: ಗಾಡಿನ ಗ್ಯಾರೇಜಿನ ತಪಾಸಣೆ ಗುಂಡಿ ಮೇಲೋ, ಚಕ್ರ ಊರಿ ನಿಲ್ಲೋ ಲಿಫ್ಟ್ ಮೇಲೋ ನಿಲ್ಲಿಸಿ. ಬುಷ್ ಬೋಲ್ಟ್‌ಗಳನ್ನೆಲ್ಲ ಸಡಿಲಿಸಿ, ಬಾನೆಟ್ ಮತ್ತು ಡಿಕ್ಕಿ ನಾಲ್ಕೈದು ಸಲ ಒತ್ತಿ ಬಿಡಿ, ಚಕ್ರ ನೆಲದ ಮೇಲಿರುವಾಗಲೇ ಟಾರ್ಕ್ ವ್ರೆಂಚ್‌ನಲ್ಲಿ ಸರ್ವಿಸ್ ಮ್ಯಾನ್ಯುಯಲ್ ಹೇಳಿದ ಬಿಗಿಗೆ ಹಿಡಿಯಿರಿ. ಬುಷ್ ಬಿರಿದಿದ್ದರೆ ರಬ್ಬರಿನದ್ದೇ ಹಾಕ್ಸಿ. ದಿನಾ ಓಡೋ ಗಾಡಿಗೆ ಪಾಲಿಯುರೆಥೇನ್ ಬುಷ್ ಬೇಡ, ರಸ್ತೆಯ ಗರಗರ ಎಲ್ಲ ಒಳಗೆ ಬರುತ್ತೆ.

ಜೊತೆಗೆ ಸ್ಟ್ರಟ್ ಮೌಂಟ್, ಅದರ ಬೇರಿಂಗ್, ಸ್ಟೆಬಿಲೈಸರ್ ಲಿಂಕ್ (ಗಾಡಿ ವಾಲೋದನ್ನ ತಡೆಯೋ ಸರಳಿನ ಕೊಂಡಿ) ನೋಡಿ. ಸಣ್ಣ ಗುಂಡೀಲಿ ಕಟಕಟ ಅಂದರೆ ಹೆಚ್ಚಾಗಿ ಲಿಂಕ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದಾಗ ಸ್ಪ್ರಿಂಗ್ ಟಣ್ ಅಂತ ಜಿಗಿದರೆ ಬೇರಿಂಗ್.

ಇನ್ನು ಸ್ಪ್ರಿಂಗ್ ನಡುವೆ ತೂರಿಸೋ ರಬ್ಬರ್ ಬಫರ್ ಮಾರ್ತಾರಲ್ಲ, ಗಾಡಿ ಎತ್ತರ ಆಗುತ್ತೆ ಅಂತ, ಅದನ್ನು ಹಾಕಿಸಬೇಡಿ. ಅದು ಒಂದು ಸುತ್ತಿನ ಕೆಲಸ ನಿಲ್ಲಿಸುತ್ತೆ. ಐದು ಸುತ್ತು ಆಡೋ ಕಡೆ ನಾಲ್ಕೇ ಆಡಿದರೆ ಸ್ಪ್ರಿಂಗ್ ಶೇಕಡಾ 25 ಬಿಗಿಯಾಗುತ್ತೆ. ಸ್ಪ್ರಿಂಗ್ ಕತ್ತರಿಸಿದಾಗಲೂ ಇದೇ ಲೆಕ್ಕ, ಮೇಲೆ ಚಕ್ರ ಜೋತುಬಿದ್ದಾಗ ಸ್ಪ್ರಿಂಗ್ ಸೀಟಿನಿಂದ ಕಳಚಿಕೊಳ್ಳೋ ಅಪಾಯ. ನಿಮ್ಮದು ನಿಜವಾಗಿ ಲೋವರಿಂಗ್ ಸ್ಪ್ರಿಂಗೋ, ಕತ್ತರಿಸಿದ್ದೋ ಅಂತ ತುದಿ ನೋಡಿ ತಿಳ್ಕೊಳ್ಳಿ. ಗ್ರೈಂಡರ್ ಗುರುತು, ಗ್ಯಾಸ್‌ನಲ್ಲಿ ಕಾಯಿಸಿದ ನೀಲಿ ಬಣ್ಣ ಇದ್ದರೆ ಅದನ್ನು ಇವತ್ತೇ ಬದಲಿಸಿ.

ಕೇಳಿದವರು, ಮಂಡ್ಯ:

ಎಲ್ಲರಿಗೂ ಧನ್ಯವಾದ. ನೋಡಿಸಿದೆ. ಸ್ಪ್ರಿಂಗ್ ಕತ್ತರಿಸಿದ್ದಲ್ಲ. ನಿಂತಾಗ ಮುಂದೆ ಬಂಪ್ ಸ್ಟಾಪ್‌ಗೆ ಉಳಿದಿರೋದು 20 ಮಿ.ಮೀ., ಹಿಂದೆ 30. ಹೈವೇಲಿ ಹೋಗಿಬಂದ ಮೇಲೆ ನಾಲ್ಕೂ ಟೈ ಬಂಪ್ ಸ್ಟಾಪ್‌ಗೆ ಸಿಕ್ಕಿವೆ. ಮುಂದಿನ ಎಡ ಶಾಕ್ಸ್ ಎಣ್ಣೆ ಸುರಿಸಿದೆ. ಈಗ ಶಾಕ್ಸ್ ಸ್ಪ್ರಿಂಗ್ ಎರಡೂ ಹೊಸದೇ ಹಾಕಿಸಬೇಕಲ್ಲ, ಯಾವುದು?

ಸರಸ್ವತಿಪುರಂ, ಮೈಸೂರು:

40ರ ಬದಲು 20ರಿಂದ 25 ಮಿ.ಮೀ. ಇಳಿಸುವ ಸ್ಪ್ರಿಂಗ್, ಅದಕ್ಕೆ ಹೊಂದುವ ಗಿಡ್ಡ ರಾಡ್‌ನ ಶಾಕ್ಸ್. ಇಷ್ಟು ಸಾಕು. ಮುಂದೆ ಜಾಗ 20ರಿಂದ 35ಕ್ಕೋ 40ಕ್ಕೋ ಏರುತ್ತೆ, ನೋಡೋರಿಗೆ ಇನ್ನೂ ಇಳಿಸಿದ ಗಾಡೀನೇ. ಗಿಡ್ಡ ಶಾಕ್ಸ್ ಸಿಗದಿದ್ದರೆ 20 ಇಳಿಸೋ ಸ್ಪ್ರಿಂಗ್‌ಗೆ ಕಂಪನಿಯ ಹೊಸ ಶಾಕ್ಸ್ ನಡೆಯುತ್ತೆ. ಎಡ ಬಲ ಜೋಡಿಯಾಗೇ ಬದಲಿಸಿ, ಜೊತೆಗೆ ಬಂಪ್ ಸ್ಟಾಪ್, ಬೂಟ್, ಮೌಂಟ್ ಹೊಸದು. ಹೇಗೂ ಬಿಚ್ಚಿರ್ತೀರಿ, ಕೂಲಿ ಒಂದೇ.

ಬಿಗಿತನ ಎಷ್ಟಿರಬೇಕು ಅನ್ನೋಕೆ ಲೆಕ್ಕ ಇದೆ. ಗಾಡಿ ತೂಗಾಡೋ ವೇಗ ಸೆಕೆಂಡಿಗೆ 1ರಿಂದ 1.5 ಸಲ ಇದ್ದರೆ ಮೈಗೆ ಹಿತ, 2 ದಾಟಿದರೆ ಕುಲುಕು. ಮುಂದಿನ ಒಂದು ಚಕ್ರದ ಸ್ಪ್ರಿಂಗ್ ಮೇಲೆ 280 ಕೆಜಿ ಕೂತಿದೆ ಅಂತಿಟ್ಟುಕೊಂಡರೆ, ಮಿ.ಮೀ.ಗೆ 2 ಕೆಜಿಯ ಸ್ಪ್ರಿಂಗ್ (1 ಮಿ.ಮೀ. ಒತ್ತೋಕೆ 2 ಕೆಜಿ ತೂಕ ಬೇಕಾಗೋದು) ಕೊಡೋದು ಸೆಕೆಂಡಿಗೆ 1.3 ಸಲ, 3 ಕೆಜಿಯದ್ದು 1.6, 5 ಕೆಜಿಯದ್ದು 2.1. ಕಮ್ಮಿ ಬೆಲೆಯ ಕಾಯಿಲ್‌ಓವರ್‌ಗಳಲ್ಲಿ 5, 6 ಕೆಜಿ ಸ್ಪ್ರಿಂಗ್ ಸಾಮಾನ್ಯ. ಕಾಯಿಲ್‌ಓವರ್ ಹಾಕಿದರೆ ಸರಿಹೋಗುತ್ತಾ ಅಂದಿರಲ್ಲ, ಉತ್ತರ ಇದರಲ್ಲೇ ಇದೆ. ಮುಂದೆ 3 ಕೆಜಿಯ ಒಳಗೆ ಸಿಕ್ಕರೆ ಯೋಚಿಸಿ, ಸಿಗದಿದ್ದರೆ ಬೇಡ. ಹಿಂದೆ ಇನ್ನೂ ಸೂಕ್ಷ್ಮ, ಖಾಲಿ ಗಾಡೀಲಿ ಅಲ್ಲಿ ತೂಕವೇ ಇರಲ್ಲ. 180 ಕೆಜಿ ಅಂದರೂ 3 ಕೆಜಿ ಸ್ಪ್ರಿಂಗ್‌ಗೇ 2 ಮುಟ್ಟುತ್ತೆ. ಅಪ್ಪ ಅಮ್ಮ ಕೂರೋದು ಆ ಆಕ್ಸಲ್ ಹತ್ತಿರವೇ. ಹಿಂದಿನ ಸ್ಪ್ರಿಂಗ್ ಆರಿಸುವಾಗ ಸಾಧ್ಯವಾದಷ್ಟು ಮೆತ್ತಗಿನದಕ್ಕೇ ಹೋಗಿ.

ಶ್ರೀರಂಗಪಟ್ಟಣ:

ಕಾಯಿಲ್‌ಓವರ್ ಹಾಕಿಸೋರಿಗೆ ಎರಡು ಮಾತು. ಎತ್ತರವನ್ನು ಕೆಳಗಿನ ಬ್ರಾಕೆಟ್ ತಿರುಗಿಸಿ ಹೊಂದಿಸುವ ಬಗೆಯದ್ದೇ ತಗೊಳ್ಳಿ, ಆಗ ಎತ್ತರ ಬದಲಾದರೂ ಶಾಕ್ಸ್ ಆಡುವ ಜಾಗ ಹಾಗೇ ಉಳಿಯುತ್ತೆ. ಅದರಲ್ಲಿ ಸ್ಪ್ರಿಂಗ್ ಮೇಲಿನ ಬಳೆಯನ್ನು ಸ್ಪ್ರಿಂಗ್ ಅಲುಗದಷ್ಟು, ಹೆಚ್ಚೆಂದರೆ 5 ಮಿ.ಮೀ. ಬಿಗಿ ಮಾಡಿ. ಆ ಬಳೆ ಎಷ್ಟು ತಿರುಗಿಸಿದರೂ ಸ್ಪ್ರಿಂಗ್ ಮೆತ್ತಗೂ ಆಗಲ್ಲ, ಬಿಗಿಯೂ ಆಗಲ್ಲ.

ಡ್ಯಾಂಪಿಂಗ್ ನಾಬ್ (ಶಾಕ್ಸ್ ಬಿಗಿತನ ಹೊಂದಿಸೋ ತಿರುಪು) ಪೂರ್ತಿ ಬಿಗಿ ಮಾಡಿ, ಅಲ್ಲಿಂದ ಕ್ಲಿಕ್ ಎಣಿಸುತ್ತಾ ಪೂರ್ತಿ ಸಡಿಲಿಸಿ, ಬರೆದಿಡಿ. ಪೂರ್ತಿ ಸಡಿಲದಲ್ಲಿ ಓಡಿಸಿ, ಹಂಪ್ ಇಳಿದ ಮೇಲೆ ಗಾಡಿ ಒಂದಕ್ಕಿಂತ ಹೆಚ್ಚು ಸಲ ತೂಗಿದರೆ 2 ಕ್ಲಿಕ್ ಏರಿಸಿ. ಸಾಲಾಗಿ ಬರೋ ಸಣ್ಣ ಪಟ್ಟಿಗಳ ಮೇಲೆ ಮೊದಲನೆಯದು ಮೆತ್ತಗಿದ್ದು ಮೂರು ನಾಲ್ಕನೆಯದು ಜೋರಾಗಿ ಹೊಡೆದರೆ ನಾಬ್ ಜಾಸ್ತಿಯಾಗಿದೆ ಅಂತ ಅರ್ಥ. ಕುಗ್ಗಿದ ಶಾಕ್ಸ್ ಮತ್ತೆ ಹಿಗ್ಗೋ ಮುಂಚೆ ಮುಂದಿನ ಪಟ್ಟಿ ಬರುತ್ತೆ, ಗಾಡಿ ಕುಗ್ಗುತ್ತಾ ಹೋಗಿ ಬಂಪ್ ಸ್ಟಾಪ್ ಮೇಲೆ ಕೂರುತ್ತೆ.

ಪಾಂಡವಪುರ:

ಅಣ್ಣ, ಹಂಪ್ ಬಗ್ಗೆ ಯಾರೂ ಬರೀಲಿಲ್ಲ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆಯ ಹಂಪ್ ಅಂದರೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ, 17 ಮೀಟರ್ ತ್ರಿಜ್ಯದ ದುಂಡು. ಸ್ವಿಫ್ಟ್ ವೀಲ್‌ಬೇಸ್ 2.43 ಮೀಟರ್. ನಾಲ್ಕು ಚಕ್ರವೂ ಆ ದುಂಡಿನ ಮೇಲಿದ್ದಾಗ ಗಾಡಿ ನಡುಭಾಗಕ್ಕೆ ಹಂಪ್ ಹತ್ತಿರ ಬರೋದು 43 ಮಿ.ಮೀ. ಮಾತ್ರ. ನೆಲದಿಂದ ತಳ 120 ಮಿ.ಮೀ. ಮೇಲಿರೋ ಗಾಡಿಯೂ ಮೆಲ್ಲಗೆ ಹೋದರೆ ಉಜ್ಜಲ್ಲ. ಉಜ್ಜೋದು ಊರೋರು ಕಾಂಕ್ರೀಟ್ ಸುರಿದು ಮಾಡಿದ ಗಿಡ್ಡ ದಿಣ್ಣೆಗಳು. ಮುಂದಿನ ಚಕ್ರ ಇಳಿದು ಹಿಂದಿನದು ಹತ್ತೋ ಮುಂಚೆ ಪೂರ್ತಿ ಎತ್ತರ ಹೊಟ್ಟೆ ಕೆಳಗಿರುತ್ತೆ. ಅಂಥ ಕಡೆ ಓರೆಯಾಗಿ ಹೋಗಿ, ಹತ್ತುವ ಮುಂಚೆಯೇ ಬ್ರೇಕ್ ಬಿಟ್ಟುಬಿಡಿ. ಬ್ರೇಕ್ ಹಿಡಿದಾಗ ಮೂತಿ ಇನ್ನೂ ಕುಗ್ಗುತ್ತೆ. ಕಬ್ಬಿನ ಸೀಸನ್‌ನಲ್ಲಿ ನಾಲೆ ರಸ್ತೆ ಕಡೆ ಟ್ರ್ಯಾಕ್ಟರ್ ಗಾಲಿ ಕೊರೆದು ಎರಡು ಸಾಲು ಬಿದ್ದಿರುತ್ತೆ, ಆ ಸಾಲಿನ ಒಳಗೆ ಚಕ್ರ ಇಳಿಸಬೇಡಿ, ಒಂದು ಕಡೆ ಚಕ್ರ ನಡುದಿಣ್ಣೆ ಮೇಲೆ ಇಟ್ಟು ಹೋಗಿ.

ಹೂಟಗಳ್ಳಿ, ಮೈಸೂರು (ಗ್ಯಾರೇಜ್ ಕೆಲಸ):

ಕೆಲಸ ಮುಗಿದ ದಿನವೇ ಅಲೈನ್‌ಮೆಂಟ್, ಸ್ಪ್ರಿಂಗ್ ಕೂತ ಮೇಲೆ 500ರಿಂದ 1000 ಕಿ.ಮೀ. ಒಳಗೆ ಇನ್ನೊಂದು ಸಲ. ಮುಂದೆ ಟೋ (ಮೇಲಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರೋ ಅಳತೆ) ಸೊನ್ನೆಗೆ ಹತ್ತಿರ, ಕ್ಯಾಂಬರ್ (ಮುಂದಿಂದ ನೋಡಿದಾಗ ಚಕ್ರದ ಓರೆ) ಮೈನಸ್ 1.5 ಡಿಗ್ರಿ ದಾಟದ ಹಾಗೆ, ಎಡ ಬಲ ಸಮ. ಪ್ರಿಂಟ್ ಕೇಳಿ ಇಸ್ಕೊಳ್ಳಿ. ಟೈರಿನ ಒಳ ಅಂಚು ಬೇಗ ತಿನ್ನೋದು ಕ್ಯಾಂಬರ್‌ಗಿಂತ ಟೋ ತಪ್ಪಿದ್ದಕ್ಕೇ ಹೆಚ್ಚು. ಹಿಂದೆ ಟಾರ್ಷನ್ ಬೀಮ್ (ಎರಡೂ ಚಕ್ರ ಸೇರಿಸೋ ಒಂದೇ ತೊಲೆ), ಹೊಂದಿಸೋ ಬೋಲ್ಟ್ ಇಲ್ಲ. ಅಳತೆ ಬಹಳ ತಪ್ಪಿದ್ದರೆ ಬೀಮ್ ಬಾಗಿದೆಯಾ ನೋಡಬೇಕು. ಹೆಡ್‌ಲೈಟ್ ಎತ್ತರವನ್ನೂ ಆವತ್ತೇ ಸರಿಮಾಡ್ಸಿ.

ಕಂಪನಿ ಸ್ಪ್ರಿಂಗ್ ಎಲ್ಲಾದರೂ ಸಿಕ್ಕರೆ ಒಂದು ಸೆಟ್ ತಗೊಂಡು ಅಟ್ಟದ ಮೇಲೆ ಇಡಿ. ಕಂಪನಿಯ ಅಳತೆಗೆ ವಿರುದ್ಧವಾಗಿ ಗಾಡಿ ಬದಲಿಸೋದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಡೆಯುತ್ತೆ. ಎಫ್‌ಸಿ ಅಥವಾ ಇನ್ಶೂರೆನ್ಸ್ ತಪಾಸಣೆಯಲ್ಲಿ ತಕರಾರು ಬಂದರೆ ಮತ್ತೆ ಹಾಕೋಕೆ ಅದು ಬೇಕಾಗುತ್ತೆ.